ಬೇರೆ ಕಂಪನಿ ವಿಮಾನದಲ್ಲಿ ಜಂಪ್‌ಸೀಟ್ ಸಿಗುತ್ತಾ? ನಮ್ಮ ಕಡೆಯ ಹೊಸ ಪೈಲಟ್‌ಗಳಿಗೊಂದು ಮಾರ್ಗದರ್ಶಿ

ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯ ಹುಡುಗ ಹುಡುಗಿಯರು ಈಗ ಏರ್‌ಲೈನ್ ಕೆಲಸಕ್ಕೆ ಸೇರುತ್ತಿದ್ದಾರೆ. ಕೆಲವರು ಬೆಂಗಳೂರು, ಹೈದರಾಬಾದ್, ದೆಹಲಿಯಲ್ಲಿ ಇದ್ದಾರೆ. ಕೆಲವರು ಗಲ್ಫ್‌ನಲ್ಲಿ, ಇನ್ನು ಕೆಲವರು ಅಮೆರಿಕದಲ್ಲಿ. ಇವರಿಂದಲೂ ಇವರ ಮನೆಯವರಿಂದಲೂ ಬರುವ ಪ್ರಶ್ನೆ ಮಾತ್ರ ಹೆಚ್ಚುಕಮ್ಮಿ ಒಂದೇ. "ಪೈಲಟ್ ಅಂದಮೇಲೆ ಯಾವ ಕಂಪನಿ ವಿಮಾನದಲ್ಲಾದರೂ ಕಾಕ್‌ಪಿಟ್‌ನಲ್ಲಿ ಕೂತು ಫ್ರೀಯಾಗಿ ಊರಿಗೆ ಬರಬಹುದಂತೆ, ಹೌದಾ? ಅದನ್ನು ಹೇಗೆ ಮಾಡಿಸಿಕೊಳ್ಳೋದು?"

ಅಮೆರಿಕದಲ್ಲಿ ಹೌದು, ಸರಿಯಾದ ದಾರಿ ಹಿಡಿದರೆ ಆಗುತ್ತದೆ. ನಮ್ಮ ದೇಶದಲ್ಲಿ ಬೇರೆ ಕಂಪನಿಯ ಕಾಕ್‌ಪಿಟ್‌ನಲ್ಲಿ ಕೂತು ಮನೆಗೆ ಬರುವ ಲೆಕ್ಕ ಇಟ್ಟುಕೊಳ್ಳಬೇಡಿ. ಇಲ್ಲಿ ಸ್ಟಾಫ್ ಟಿಕೆಟ್, ಅಂದರೆ ಏರ್‌ಲೈನ್ ಸಿಬ್ಬಂದಿಗೆ ಕಡಿಮೆ ದರದಲ್ಲಿ ಕೊಡುವ ಟಿಕೆಟ್, ಎನ್ನುವ ಬೇರೆ ದಾರಿ ಇದೆ. ಎರಡನ್ನೂ ಹಂತ ಹಂತವಾಗಿ ಹೇಳುತ್ತೇನೆ. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಜಂಪ್‌ಸೀಟ್ ಆಗಲಿ, ಸ್ಟಾಫ್ ಟಿಕೆಟ್ ಆಗಲಿ, ಸೀಟು ಸಿಗದಿದ್ದರೂ ನಿಮ್ಮ ಡ್ಯೂಟಿ ತಪ್ಪಬಾರದು, ನಿಮ್ಮ ನಿದ್ದೆ ಕೆಡಬಾರದು. ಆ ರೀತಿ ಯೋಜನೆ ಮಾಡಲು ಆಗುವುದಿಲ್ಲ ಎಂದರೆ ಟಿಕೆಟ್ ಕೊಂಡು ಹೋಗಿ.

ಮೊದಲು ಕೆಲವು ಪದಗಳು

ಜಂಪ್‌ಸೀಟ್ ಎಂದರೆ ಕಾಕ್‌ಪಿಟ್‌ನಲ್ಲಿ ಇಬ್ಬರು ಪೈಲಟ್‌ಗಳ ಹಿಂದೆ ಇರುವ ಹೆಚ್ಚುವರಿ ಸೀಟು. ಬಸ್ಸಿನಲ್ಲಿ ಡ್ರೈವರ್ ಪಕ್ಕದ ಬಾನೆಟ್ ಮೇಲೆ ಗುರುತಿನವರನ್ನು ಕೂರಿಸಿಕೊಳ್ಳುತ್ತಾರಲ್ಲ, ನೋಡುವುದಕ್ಕೆ ಹಾಗೇ ಅನ್ನಿಸಬಹುದು. ಆದರೆ ಇದು ತರಬೇತಿ ಕೊಡುವವರಿಗೆ, ತಪಾಸಣೆಗೆ ಬರುವ ಅಧಿಕಾರಿಗಳಿಗೆ ಎಂದು ಮಾಡಿದ ಸೀಟು. ಇದಕ್ಕೆ ಬೇರೆ ಬೆಲ್ಟು, ಬೇರೆ ಆಕ್ಸಿಜನ್ ಮಾಸ್ಕ್, ಹೆಡ್‌ಸೆಟ್ ಎಲ್ಲ ಇರುತ್ತವೆ. ಏರ್‌ಬಸ್ 320ರಲ್ಲಿ ಸಾಮಾನ್ಯವಾಗಿ ಒಂದೋ ಎರಡೋ ಇರುತ್ತವೆ. ಎಟಿಆರ್, ಸಣ್ಣ ಎಂಬ್ರೇಯರ್ ವಿಮಾನಗಳಲ್ಲಿ ಒಂದೇ, ಅದೂ ಮಡಚಿ ಇಡುವಂಥದ್ದು. ಕ್ಯಾಬಿನ್ ಕ್ರೂ ಕೂರುವ ಮಡಚು ಸೀಟಿಗೂ ಜಂಪ್‌ಸೀಟ್ ಎಂದೇ ಹೆಸರು. ಅದರ ಮೇಲೆ ಪೈಲಟ್‌ಗಳು ಕಣ್ಣು ಹಾಕಬೇಡಿ, ಅದು ಅವರದು.

ಬೇಸ್ ಎಂದರೆ ನಿಮ್ಮ ಡ್ಯೂಟಿ ಶುರುವಾಗುವ ಊರು. ಮನೆ ಒಂದು ಕಡೆ, ಬೇಸ್ ಒಂದು ಕಡೆ ಇದ್ದು, ನಡುವೆ ಓಡಾಡುವುದಕ್ಕೆ ಕಮ್ಯೂಟಿಂಗ್ ಎನ್ನುತ್ತಾರೆ. ಇದು ನಿಮ್ಮ ಸ್ವಂತ ಓಡಾಟ.

ಡೆಡ್‌ಹೆಡ್ ಅಥವಾ ಪೊಸಿಷನಿಂಗ್ ಬೇರೆ. ಕಂಪನಿಯೇ ನಿಮ್ಮನ್ನು ಕೆಲಸಕ್ಕಾಗಿ ಒಂದು ಊರಿಂದ ಇನ್ನೊಂದು ಊರಿಗೆ ಪ್ರಯಾಣಿಕರ ಹಾಗೆ ಕಳಿಸುವುದು. ಸೀಟು ಕಂಪನಿಯದ್ದು, ಸಮಯ ಡ್ಯೂಟಿ ಲೆಕ್ಕಕ್ಕೆ ಬರುತ್ತದೆ. ಕಮ್ಯೂಟಿಂಗ್‌ನಲ್ಲಿ ಈ ಎರಡೂ ಇಲ್ಲ. ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದರೂ ಕಾಗದದ ಮೇಲೆ ನೀವು ವಿಶ್ರಾಂತಿಯಲ್ಲೇ ಇದ್ದಿರಿ ಎಂದಾಗುತ್ತದೆ. ಮೈಗೆ ಮಾತ್ರ ಅದು ಗೊತ್ತಾಗಿರುತ್ತದೆ.

ಸ್ಟ್ಯಾಂಡ್‌ಬೈ ಎಂದರೆ ಕಾಸು ಕೊಟ್ಟ ಪ್ರಯಾಣಿಕರೆಲ್ಲ ಹತ್ತಿದ ಮೇಲೆ ಸೀಟು ಉಳಿದರೆ ನಿಮಗೆ. ಲೋಡ್ ಎಂದರೆ ಆ ವಿಮಾನ ಎಷ್ಟು ತುಂಬಿದೆ ಎನ್ನುವ ಲೆಕ್ಕ. ಲಿಸ್ಟಿಂಗ್ ಎಂದರೆ ಕಾಯುವವರ ಪಟ್ಟಿಗೆ ನಿಮ್ಮ ಹೆಸರು ಸೇರಿಸುವುದು.

1. ಯಾವ ದೇಶದ ನಿಯಮದ ಕೆಳಗೆ ಇದ್ದೀರಿ, ಮೊದಲು ಅದನ್ನು ನೋಡಿ

ಹೆಚ್ಚಿನವರು ಎಡವುವುದು ಇಲ್ಲೇ. ಅಮೆರಿಕದ ಪೈಲಟ್‌ಗಳ ವಿಡಿಯೊ ನೋಡಿ ಇಲ್ಲಿಯೂ ಹಾಗೇ ಎಂದುಕೊಳ್ಳುತ್ತಾರೆ.

ಅಮೆರಿಕದಲ್ಲಿ ಕಂಪನಿಗಳ ನಡುವೆ ಪರಸ್ಪರ ಒಪ್ಪಂದ ಇರುತ್ತದೆ. ನಿಮ್ಮವರನ್ನು ನಾವು ಕೂರಿಸಿಕೊಳ್ಳುತ್ತೇವೆ, ನಮ್ಮವರನ್ನು ನೀವು ಕೂರಿಸಿಕೊಳ್ಳಿ ಎಂದು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಬೇರೆ ಕಂಪನಿಯವರಿಗೆ ಕಾಕ್‌ಪಿಟ್ ಬಾಗಿಲು ಮುಚ್ಚಿತು. ಆಮೇಲೆ ಕ್ಯಾಸ್ ಎನ್ನುವ ಕಂಪ್ಯೂಟರ್ ವ್ಯವಸ್ಥೆ ಬಂತು. ಕಾಕ್‌ಪಿಟ್‌ಗೆ ಬರುವವರು ನಿಜವಾಗಿಯೂ ಪೈಲಟ್ಟಾ, ಇವತ್ತಿಗೂ ಕೆಲಸದಲ್ಲಿ ಇದ್ದಾರಾ ಎಂದು ಗೇಟಿನಲ್ಲಿರುವ ಸಿಬ್ಬಂದಿ ಆ ಕ್ಷಣಕ್ಕೇ ಫೋಟೊ ಸಮೇತ ನೋಡುವುದು ಇದರಲ್ಲೇ. ಕ್ಯಾಸ್‌ನಲ್ಲಿ ಹೆಸರು ಇಲ್ಲದಿದ್ದರೆ ಬೇರೆ ಕಂಪನಿಯ ಕಾಕ್‌ಪಿಟ್ ಇಲ್ಲ, ಅಷ್ಟೇ. ಇದು ಮುಖ್ಯವಾಗಿ ಅಮೆರಿಕದ ಒಳಗಿನ ವಿಮಾನಗಳಿಗೆ. ಡಲ್ಲಾಸ್‌ನಿಂದ ಷಿಕಾಗೊಗೆ ಸರಿ. ಷಿಕಾಗೊದಿಂದ ದೆಹಲಿಗೆ ಬೇರೆ ಕಂಪನಿಯ ಕಾಕ್‌ಪಿಟ್‌ನಲ್ಲಿ ಕೂತು ಬರುತ್ತೇನೆ ಎಂದರೆ ಆಗುವುದಿಲ್ಲ.

ಭಾರತದಲ್ಲಿ ಕಾಕ್‌ಪಿಟ್‌ಗೆ ಯಾರು ಬರಬಹುದು ಎನ್ನುವುದನ್ನು ಡಿಜಿಸಿಎ, ಅಂದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮ ಮತ್ತು ಆ ಕಂಪನಿಯ ಆಪರೇಷನ್ಸ್ ಮ್ಯಾನ್ಯುಯಲ್ ಹೇಳುತ್ತವೆ. ಆಪರೇಷನ್ಸ್ ಮ್ಯಾನ್ಯುಯಲ್ ಎಂದರೆ ಕಂಪನಿಯ ಕೆಲಸದ ನಿಯಮಗಳ ಪುಸ್ತಕ. ಆ ವಿಮಾನಕ್ಕೆ ನೇಮಿಸಿದ ಸಿಬ್ಬಂದಿ, ತಪಾಸಣೆಗೆ ಬಂದ ಡಿಜಿಸಿಎ ಅಧಿಕಾರಿ, ಮ್ಯಾನ್ಯುಯಲ್ ಒಪ್ಪುವ ಇತರರು ಮಾತ್ರ ಬರಬಹುದು. ಅದನ್ನು ಬಿಟ್ಟು "ಕ್ಯಾಪ್ಟನ್ ನನ್ನ ಬ್ಯಾಚ್‌ಮೇಟ್, ಅವರು ಹೂಂ ಅಂದರೆ ಸಾಕು" ಎನ್ನುವುದು ನಡೆಯುವುದಿಲ್ಲ. 2023ರ ಫೆಬ್ರವರಿಯಲ್ಲಿ ಏರ್ ಇಂಡಿಯಾದ ದೆಹಲಿ–ದುಬೈ ಮಾರ್ಗದ ವಿಮಾನದಲ್ಲಿ ಪೈಲಟ್ ಒಬ್ಬರು ಪ್ರಯಾಣಿಕರಾಗಿ ಬಂದಿದ್ದ ಗೆಳತಿಯನ್ನು ಕಾಕ್‌ಪಿಟ್‌ಗೆ ಕರೆದರು. ಆಕೆ ಕೂಡ ಸಿಬ್ಬಂದಿಯೇ. ಡಿಜಿಸಿಎ ಕಂಪನಿಗೆ 30 ಲಕ್ಷ ರೂಪಾಯಿ ದಂಡ ಹಾಕಿತು, ಪೈಲಟ್ ಲೈಸೆನ್ಸನ್ನು ಮೂರು ತಿಂಗಳು ಅಮಾನತು ಮಾಡಿತು. ಗೆಳೆಯರಿಗೆ ಮುಜುಗರ ತರುವಂಥ ಮಾತು ಕೇಳುವ ಮೊದಲು ಇದನ್ನು ನೆನಪಿಡಿ.

ಹಾಗಾಗಿ ಭಾರತದಲ್ಲಿ ಇರುವವರು 2, 3ನೇ ಹಂತ ಓದಿ ನೇರ 6ಕ್ಕೆ ಹೋಗಬಹುದು. ಗಲ್ಫ್ ಕಂಪನಿಗಳಲ್ಲಿ ಇರುವವರಿಗೂ ಅದೇ ಮಾತು. ಊರಿಗೆ ಬರಲು ಸ್ಟಾಫ್ ಟಿಕೆಟ್ಟನ್ನೇ ನಂಬಿ.

2. ಕಾಗದಪತ್ರ, ಮುಖ್ಯವಾಗಿ ಹೆಸರು

ಬೇಕಾಗುವುದು ಇಷ್ಟು: ಕಂಪನಿಯ ಗುರುತಿನ ಚೀಟಿ, ಪೈಲಟ್ ಲೈಸೆನ್ಸ್, ಚಾಲ್ತಿಯಲ್ಲಿರುವ ಮೆಡಿಕಲ್ ಸರ್ಟಿಫಿಕೇಟ್, ಪಾಸ್‌ಪೋರ್ಟ್. ಫೋನಿನಲ್ಲಿರುವ ಫೋಟೊ ನೆಚ್ಚಿಕೊಳ್ಳಬೇಡಿ, ಅಸಲು ಇಟ್ಟುಕೊಳ್ಳಿ.

ಇದಕ್ಕಿಂತ ದೊಡ್ಡ ತಲೆನೋವು ಹೆಸರು. ನಮ್ಮ ಕಡೆ ಹೆಸರು ಇಡುವ ರೀತಿಯೇ ಬೇರೆ, ಅಲ್ವಾ? ಒಬ್ಬರಿಗೆ ಊರಿನ ಹೆಸರಿನ ಇನಿಷಿಯಲ್, ಇನ್ನೊಬ್ಬರಿಗೆ ತಂದೆಯ ಹೆಸರಿನದು, ಮತ್ತೊಬ್ಬರಿಗೆ ಮನೆತನದ ಹೆಸರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ "ಬಸವರಾಜ ಕೆ." ಎಂದು, ಪಾಸ್‌ಪೋರ್ಟ್‌ನಲ್ಲಿ ಬರೀ "ಬಸವರಾಜ" ಎಂದು, ಲೈಸೆನ್ಸ್‌ನಲ್ಲಿ ಅಪ್ಪನ ಹೆಸರು ಪೂರ್ತಿ ಸೇರಿಸಿ. ಬಳ್ಳಾರಿಯಲ್ಲಿ ಇದು ಯಾರಿಗೂ ಅಡ್ಡ ಬರುವುದಿಲ್ಲ. ಏರ್‌ಪೋರ್ಟ್‌ನ ಕಂಪ್ಯೂಟರ್‌ಗೆ ಮಾತ್ರ ಇವರು ಮೂವರು ಬೇರೆ ಬೇರೆ ಜನ.

ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟವರಿಗೆ ಅಮೆರಿಕದ ವೀಸಾದಲ್ಲಿ ನಿಮ್ಮ ಹೆಸರೇ ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ "ಎಫ್‌ಎನ್‌ಯು" ಎಂದು ಬರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ಅಲ್ಲಿಂದ ಮುಂದೆ ಬ್ಯಾಂಕ್, ಕಂಪನಿ, ಲೈಸೆನ್ಸ್ ಎಲ್ಲ ಕಡೆ ಅದು ಹಿಂಬಾಲಿಸುತ್ತದೆ. ಇನ್ನೂ ತರಬೇತಿಯಲ್ಲಿ ಇರುವವರು ದಯವಿಟ್ಟು ಈಗಲೇ ಪಾಸ್‌ಪೋರ್ಟ್ ಸರಿ ಮಾಡಿಸಿ. ಲೈಸೆನ್ಸ್ ಬಂದಮೇಲೆ ತಿದ್ದಿಸುವುದು ಎರಡರಷ್ಟು ಕೆಲಸ. ನಂತರ ಪಾಸ್‌ಪೋರ್ಟ್‌ನಲ್ಲಿ ಹೇಗಿದೆಯೋ ಒಂದಕ್ಷರ ಬದಲಾಗದ ಹಾಗೆ ಎಲ್ಲ ಕಡೆ ಬರೆಸಿ. ಪಟ್ಟಿಗೆ ಹೆಸರು ಸೇರಿಸುವಾಗಲೂ ಹಾಗೆಯೇ.

3. ಒಪ್ಪಂದ ಇದೆಯಾ ನೋಡಿ

ಪ್ರತಿ ಕಂಪನಿಗೂ ಸ್ಟಾಫ್ ಟ್ರಾವೆಲ್ ವಿಭಾಗ ಅಥವಾ ಪೋರ್ಟಲ್ ಇರುತ್ತದೆ. ಯಾವ ಕಂಪನಿಯ ಜೊತೆ ಒಪ್ಪಂದ ಇದೆ, ಯಾರಿಗೆಲ್ಲ ಅನ್ವಯಿಸುತ್ತದೆ, ಕೆಲಸಕ್ಕೆ ಸೇರಿ ಎಷ್ಟು ತಿಂಗಳಾಗಿರಬೇಕು, ಎಲ್ಲ ಅಲ್ಲೇ ಸಿಗುತ್ತದೆ. ಸೀನಿಯರ್ ಹೇಳಿದ ಮಾತು ಹಳೆಯದಿರಬಹುದು. ಒಪ್ಪಂದಗಳು ಬದಲಾಗುತ್ತಿರುತ್ತವೆ. ಪೋರ್ಟಲ್‌ನಲ್ಲಿ ಇರುವುದೇ ಅಂತಿಮ.

4. ಅಮೆರಿಕದಲ್ಲಿ: ಪಟ್ಟಿಗೆ ಸೇರುವುದು, ಗೇಟಿಗೆ ಹೋಗುವುದು

ಮೊದಲು ಲೋಡ್ ನೋಡಿ. ವಿಮಾನ ಪೂರ್ತಿ ತುಂಬಿದ್ದರೂ ಜಂಪ್‌ಸೀಟ್ ಖಾಲಿ ಇರಬಹುದು, ಇದರ ದೊಡ್ಡ ಲಾಭ ಅದೇ. ಆದರೆ ಆ ಒಂದು ಸೀಟಿಗೆ ಸಾಲು ಇರುತ್ತದೆ. ತಪಾಸಣೆಯ ಸರ್ಕಾರಿ ಅಧಿಕಾರಿ ಬಂದರೆ ಅವರಿಗೆ ಮೊದಲು. ನಂತರ ಆ ಕಂಪನಿಯದೇ ಪೈಲಟ್‌ಗಳು. ಆಮೇಲೆ ನಿಮ್ಮಂಥ ಹೊರಗಿನವರು. ಹೊರಗಿನವರಲ್ಲಿ ಸಾಮಾನ್ಯವಾಗಿ ಮೊದಲು ಬಂದವರಿಗೆ ಮೊದಲು.

ಆ ಕಂಪನಿ ಹೇಳಿದ ರೀತಿಯಲ್ಲಿ ಪಟ್ಟಿಗೆ ಹೆಸರು ಸೇರಿಸಿ. ಕೆಲವು ಕಡೆ ಆನ್‌ಲೈನ್, ಕೆಲವು ಕಡೆ ಗೇಟಿನಲ್ಲೇ. ವಿಮಾನ ಹೊರಡುವ ಒಂದು ಗಂಟೆ ಮೊದಲಾದರೂ ಗೇಟ್ ಹತ್ತಿರ ಇರಿ. ಸಿಬ್ಬಂದಿಗೆ ಕಾಗದ ಕೊಡಿ. ಅವರು ಕ್ಯಾಸ್‌ನಲ್ಲಿ ನೋಡುತ್ತಾರೆ. ಅವರ ಮುಂದೆ ನೂರಾರು ಪ್ರಯಾಣಿಕರು ಇರುತ್ತಾರೆ, ಆದ್ದರಿಂದ ಹೇಳಬೇಕಾದದ್ದನ್ನು ಒಮ್ಮೆ ಹೇಳಿ ಪಕ್ಕಕ್ಕೆ ನಿಲ್ಲಿ. ಪದೇ ಪದೇ ಕೌಂಟರ್ ಹತ್ತಿರ ಹೋಗಿ ಕೇಳಬೇಡಿ. ನಿಮ್ಮ ಸೀಟು ಅವರ ಕೈಯಲ್ಲಿದೆ ಎಂದಷ್ಟೇ ಅಲ್ಲ, ಅವರ ಕೆಲಸ ನಿಜವಾಗಿಯೂ ಕಷ್ಟದ್ದು.

ಕೆಲವೊಮ್ಮೆ ಹಿಂದೆ ಸೀಟು ಖಾಲಿ ಇದ್ದರೆ ಅಲ್ಲೇ ಕೂರಿಸುತ್ತಾರೆ. ಆಗಲೂ ಜಂಪ್‌ಸೀಟ್‌ನ ಹೆಸರಲ್ಲಿ ಬಂದಿದ್ದರೆ ಕ್ಯಾಪ್ಟನ್ ಅನುಮತಿ ಕೇಳಲೇಬೇಕು.

ಸರಕು ವಿಮಾನಗಳನ್ನೂ ಮರೆಯಬೇಡಿ. ಫೆಡ್‌ಎಕ್ಸ್‌ನ ದೊಡ್ಡ ಕೇಂದ್ರ ಮೆಂಫಿಸ್, ಯುಪಿಎಸ್‌ನದು ಲೂಯಿವಿಲ್. ರಾತ್ರಿ ಹೊತ್ತು ಎಲ್ಲ ಕಡೆಯಿಂದ ವಿಮಾನ ಅಲ್ಲಿಗೆ ಬಂದು ಬೆಳಗಿನ ಜಾವ ವಾಪಸ್ ಹೋಗುತ್ತವೆ. ಪ್ರಯಾಣಿಕರ ವಿಮಾನ ಇಲ್ಲದ ಹೊತ್ತಿನಲ್ಲಿ ಇವು ಕೈಹಿಡಿಯುತ್ತವೆ. ಆದರೆ ಮೊದಲೇ ಬುಕ್ ಮಾಡಬೇಕು, ಅಲ್ಲಿನ ನಿಯಮ ಬೇರೆ. ನಡುರಾತ್ರಿಯ ಪ್ರಯಾಣ ಬೇರೆ. ಇದರ ಬಗ್ಗೆ ಒಂದು ಗಂಭೀರ ಮಾತು 7ನೇ ಹಂತದಲ್ಲಿದೆ.

5. ಕ್ಯಾಪ್ಟನ್ ಮುಂದೆ, ಕಾಕ್‌ಪಿಟ್ ಒಳಗೆ

ಕಂಪ್ಯೂಟರ್ ಹಸಿರು ತೋರಿಸಿದರೂ, ಗೇಟಿನಲ್ಲಿ ಚೀಟಿ ಕೊಟ್ಟರೂ, ಕೊನೆಯ ಮಾತು ಕ್ಯಾಪ್ಟನ್‌ದು. ಕಾರಣ ಕೊಡದೆ ಬೇಡ ಎನ್ನಬಹುದು. ಅದನ್ನು ಅವಮಾನ ಎಂದುಕೊಳ್ಳಬೇಡಿ.

ಬಾಗಿಲಲ್ಲಿ ನಿಂತು ಕ್ಯಾಬಿನ್ ಕ್ರೂಗೆ ಮೊದಲು ಪರಿಚಯ ಹೇಳಿಕೊಳ್ಳಿ. ನಂತರ ಕ್ಯಾಪ್ಟನ್‌ಗೆ ಕಾಗದ ಕೈಯಲ್ಲಿ ಹಿಡಿದು ಹೀಗೆ ಹೇಳಿದರೆ ಸಾಕು: "ನಮಸ್ಕಾರ ಕ್ಯಾಪ್ಟನ್, ನಾನು ಇಂಥ ಕಂಪನಿಯಲ್ಲಿ ಫಸ್ಟ್ ಆಫೀಸರ್. ನೀವು ಒಪ್ಪಿದರೆ ಇವತ್ತು ನಿಮ್ಮ ಜೊತೆ ಬರಬಹುದಾ?" ಫಸ್ಟ್ ಆಫೀಸರ್ ಎಂದರೆ ಸಹ ಪೈಲಟ್. ಈ ಮಾತಿನಲ್ಲಿ ಕೇಳುವ ದನಿ ಇರಬೇಕು. "ನಾನು ನಿಮ್ಮ ಜಂಪ್‌ಸೀಟರ್" ಎಂದು ಹೇಳಿ ಬ್ಯಾಗು ಇಡುವವರನ್ನು ಯಾರೂ ಇಷ್ಟಪಡುವುದಿಲ್ಲ. ಅವರು ಟೇಕಾಫ್‌ಗೆ ತಯಾರಿ ಮಾಡುತ್ತಾ ಚೆಕ್‌ಲಿಸ್ಟ್ ಓದುತ್ತಿದ್ದರೆ ಮುಗಿಯುವವರೆಗೆ ಸುಮ್ನೆ ನಿಲ್ಲಿ.

ಒಳಗೆ ಕೂತಮೇಲೆ ಬೆಲ್ಟು ಹಾಕುವುದು, ಮಾಸ್ಕ್ ಎಲ್ಲಿದೆ, ತುರ್ತು ಸಮಯದಲ್ಲಿ ಹೊರಗೆ ಹೋಗುವ ದಾರಿ ಯಾವುದು, ಇವನ್ನು ಕೇಳಿ ತಿಳಿದುಕೊಳ್ಳಿ. ನೀವು ಅದೇ ವಿಮಾನ ಹಾರಿಸುವವರಾದರೂ ಕೇಳಿ. 10,000 ಅಡಿಗಿಂತ ಕೆಳಗೆ ಕೆಲಸದ ಮಾತು ಬಿಟ್ಟು ಬೇರೆ ಮಾತಿಲ್ಲ, ಇದು ನಿಮಗೆ ಗೊತ್ತಿರುವ ನಿಯಮವೇ. ಫೋನ್ ಒಳಗಿಡಿ. ಫೋಟೊ, ವಿಡಿಯೊ ಬೇಡ. ಊರಿನ ಗೆಳೆಯರಿಗೆ ಕಳಿಸುವ ಆಸೆ ಆಗುತ್ತದೆ, ಆದರೂ ಬೇಡ.

ಬಟ್ಟೆ: ಯೂನಿಫಾರ್ಮ್ ಅಥವಾ ಇಸ್ತ್ರಿ ಮಾಡಿದ ಶರ್ಟು ಪ್ಯಾಂಟು, ಶೂ. ಮದ್ಯದ ವಿಷಯದಲ್ಲಿ ನೀವೇ ವಿಮಾನ ಹಾರಿಸುವಾಗ ಹೇಗೋ ಹಾಗೆ. ಭಾರತದಲ್ಲಿ ಹಾರಾಟಕ್ಕೆ ಮೊದಲು 12 ಗಂಟೆ, ಅಮೆರಿಕದಲ್ಲಿ 8 ಗಂಟೆ ಕಡಿಮೆ ಮಿತಿ, ಕಂಪನಿಗಳು ಇನ್ನೂ ಜಾಸ್ತಿ ಇಡುತ್ತವೆ. ಹಿಂದಿನ ದಿನ ಮದುವೆ ಊಟ ಜೋರಾಗಿದ್ದರೆ ಜಂಪ್‌ಸೀಟ್ ಕೇಳಲೇಬೇಡಿ.

ಇಷ್ಟು ಬಿಗಿ ಯಾಕೆ ಎಂದು ಕೇಳಿದರೆ ಎರಡು ಘಟನೆ ಹೇಳಬೇಕು. 2023ರ ಅಕ್ಟೋಬರ್ 22ರಂದು ಅಮೆರಿಕದ ಎವರೆಟ್‌ನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ಹೊರೈಜನ್ ಏರ್ ವಿಮಾನದಲ್ಲಿ ಜಂಪ್‌ಸೀಟ್‌ನಲ್ಲಿದ್ದ ಪೈಲಟ್ ಒಬ್ಬರು ಎಂಜಿನ್‌ಗೆ ಬೆಂಕಿ ಹತ್ತಿದಾಗ ಎಳೆಯುವ ಹಿಡಿಕೆಗಳಿಗೆ ಕೈ ಹಾಕಿದರು. ಪೂರ್ತಿ ಎಳೆದಿದ್ದರೆ ಎಂಜಿನ್‌ಗೆ ಇಂಧನ ನಿಲ್ಲುತ್ತಿತ್ತು. ಇಬ್ಬರು ಪೈಲಟ್‌ಗಳು ತಡೆದು ವಿಮಾನವನ್ನು ಪೋರ್ಟ್‌ಲ್ಯಾಂಡ್‌ನಲ್ಲಿ ಇಳಿಸಿದರು. ಆತ ಹೊರಗಿನವರಲ್ಲ, ಹೊರೈಜನ್‌ನ ಸೋದರ ಕಂಪನಿ ಅಲಾಸ್ಕಾ ಏರ್‌ಲೈನ್ಸ್‌ನ ಪೈಲಟ್ಟೇ. ಅದಕ್ಕೇ ಕ್ಯಾಪ್ಟನ್ ನಿಮ್ಮ ಮುಖ ಸರಿಯಾಗಿ ನೋಡಿ ಎರಡು ಮಾತು ಆಡುತ್ತಾರೆ. ನಿಮ್ಮ ಮನಸ್ಸು ಸರಿ ಇಲ್ಲದ ದಿನ, ನಿದ್ದೆ ಇಲ್ಲದ ದಿನ, ನೀವಾಗೇ ಬೇಡ ಎನ್ನುವುದು ಒಳ್ಳೆಯದು.

ಇನ್ನೊಂದು ಇದರ ತಿರುಗುಮುರುಗು. 2018ರ ಅಕ್ಟೋಬರ್ 28ರಂದು ಬಾಲಿಯಿಂದ ಜಕಾರ್ತಾಗೆ ಹೋಗುತ್ತಿದ್ದ ಲಯನ್ ಏರ್‌ನ 737 ಮ್ಯಾಕ್ಸ್ ವಿಮಾನ ಮೂತಿಯನ್ನು ತಾನಾಗಿಯೇ ಕೆಳಗೆ ಒತ್ತುತ್ತಿತ್ತು. ಕಾಕ್‌ಪಿಟ್‌ನಲ್ಲಿ ಡ್ಯೂಟಿಯಲ್ಲಿಲ್ಲದ ಮೂರನೆಯ ಪೈಲಟ್ ಇದ್ದರು. ತೊಂದರೆ ಎಲ್ಲಿದೆ ಎಂದು ಹುಡುಕಲು ಅವರು ನೆರವಾದರು ಎಂದು ವರದಿಯಾಯಿತು. ವಿಮಾನ ಸುರಕ್ಷಿತವಾಗಿ ತಲುಪಿತು. ಮರುದಿನ ಅದೇ ವಿಮಾನ ಬೇರೆ ಸಿಬ್ಬಂದಿಯ ಜೊತೆ ಸಮುದ್ರಕ್ಕೆ ಬಿದ್ದು 189 ಜನ ತೀರಿಕೊಂಡರು. ಜಂಪ್‌ಸೀಟ್‌ನಲ್ಲಿ ಕೂತವರು ನಿದ್ದೆ ಮಾಡಲು ಬಂದವರಲ್ಲ. ಬೇರೆ ವಿಮಾನ ಹತ್ತಿರ ಬರುವುದು ಕಂಡರೆ, ಏನಾದರೂ ಬಿಟ್ಟುಹೋಗಿದೆ ಅನ್ನಿಸಿದರೆ, ಸಂಕೋಚಪಡದೆ ಹೇಳಿ. ಉಳಿದ ಹೊತ್ತು ಮಾತಿಗೆ ಕರೆದರೆ ಮಾತಾಡಿ, ಕರೆಯದಿದ್ದರೆ ಸುಮ್ಮನಿರಿ. ಅವರ ಹಾರಾಟದ ಬಗ್ಗೆ ಆಮೇಲೆ ಯಾರ ಹತ್ತಿರವೂ ಆಡಿಕೊಳ್ಳಬೇಡಿ.

6. ಭಾರತದಲ್ಲಿ: ಸ್ಟಾಫ್ ಟಿಕೆಟ್ ದಾರಿ

ಇಲ್ಲಿ ಕೂರುವುದು ಪ್ರಯಾಣಿಕರ ಸೀಟಿನಲ್ಲೇ. ನಿಮ್ಮ ಕಂಪನಿಯ ವಿಮಾನವಾದರೆ ಕಂಪನಿಯ ಪೋರ್ಟಲ್‌ನಲ್ಲೇ ಟಿಕೆಟ್ ಆಗುತ್ತದೆ. ಬೇರೆ ಕಂಪನಿಯದಾದರೆ ಸಾಮಾನ್ಯವಾಗಿ ಝೆಡ್ ದರದ ಟಿಕೆಟ್. ಏರ್‌ಲೈನ್‌ಗಳು ಸೇರಿ ಮಾಡಿಕೊಂಡ ಒಪ್ಪಂದ ಇದು. ದೂರದ ಲೆಕ್ಕದಲ್ಲಿ ದರ ಗೊತ್ತುಮಾಡಿರುತ್ತಾರೆ, ಹಬ್ಬಕ್ಕೆ ಮಾರುಕಟ್ಟೆ ದರ ಏರಿದರೂ ಇದು ಏರುವುದಿಲ್ಲ. ತೆರಿಗೆ, ವಿಮಾನ ನಿಲ್ದಾಣದ ಶುಲ್ಕ ನೀವೇ ಕಟ್ಟಬೇಕು. ಬಹಳ ಕಂಪನಿಗಳು ಮೈಐಡಿಟ್ರಾವೆಲ್ ಎನ್ನುವ ತಾಣದಲ್ಲಿ ಇದನ್ನು ಕೊಡುತ್ತವೆ. ಐಡಿ90 ಎಂದು ನೋಡಿದರೆ ಮೂಲ ದರದಲ್ಲಿ ನೂರಕ್ಕೆ ತೊಂಬತ್ತು ಕಡಿತ ಎಂದರ್ಥ. ಟಿಕೆಟ್ ಮೇಲೆ ಆರ್2 ಎಂದಿದ್ದರೆ ಸ್ಟ್ಯಾಂಡ್‌ಬೈ, ಆರ್1 ಎಂದಿದ್ದರೆ ಸೀಟು ಖಚಿತ. ಇದನ್ನು ನೋಡದೆ "ಟಿಕೆಟ್ ಆಯ್ತು, ಬರ್ತೀನಿ" ಎಂದು ಮನೆಗೆ ಫೋನ್ ಮಾಡುವವರು ತುಂಬಾ ಜನ. ಆರ್2 ಟಿಕೆಟ್ ಕೈಯಲ್ಲಿದ್ದರೆ ಸೀಟು ಇದೆ ಎಂದಲ್ಲ, ಕಾಯುವ ಅರ್ಹತೆ ಇದೆ ಎಂದಷ್ಟೇ.

ಲೋಡ್ ತಿಳಿಯಲು ಸ್ಟಾಫ್‌ಟ್ರಾವೆಲರ್ ಥರದ ಆ್ಯಪ್ ಇದೆ. ಆಯಾ ಕಂಪನಿಯ ಸಿಬ್ಬಂದಿಯೇ ಎಷ್ಟು ಸೀಟು ಖಾಲಿ, ಎಷ್ಟು ಜನ ಸ್ಟ್ಯಾಂಡ್‌ಬೈ ಎಂದು ಅದರಲ್ಲಿ ಹೇಳುತ್ತಾರೆ. ಖಾಲಿ ಸೀಟಿನ ಸಂಖ್ಯೆ ಮಾತ್ರ ನೋಡಬೇಡಿ. ನಿಮಗಿಂತ ಮೊದಲು ಎಷ್ಟು ಜನ ಇದ್ದಾರೆ ಎನ್ನುವುದೂ ಮುಖ್ಯ.

ಹ್ಯಾಂಡ್ ಬ್ಯಾಗ್ ಒಂದೇ ಇರಲಿ. ಕೊನೇ ಗಳಿಗೆಯಲ್ಲಿ ಹತ್ತುವವರಿಗೆ ದೊಡ್ಡ ಸೂಟ್‌ಕೇಸು ಶತ್ರು. ಯೂನಿಫಾರ್ಮ್ ಮತ್ತು ಲೈಸೆನ್ಸ್ ಕೈಯಲ್ಲೇ ಇರಲಿ.

ಒಂದು ಎಚ್ಚರಿಕೆ, ದಪ್ಪ ಅಕ್ಷರದಲ್ಲಿ ಬರೆಯಬೇಕಾದದ್ದು. ಡ್ಯೂಟಿಗಾಗಿ ಕೊಟ್ಟ ಏರ್‌ಪೋರ್ಟ್ ಪ್ರವೇಶ ಪಾಸನ್ನು ಸ್ವಂತ ಪ್ರಯಾಣಕ್ಕೆ ಬಳಸಬೇಡಿ. ರಜೆಯಲ್ಲಿ ಪ್ರಯಾಣ ಮಾಡುವಾಗ ನೀವೂ ಪ್ರಯಾಣಿಕರೇ. ಟಿಕೆಟ್ ತೋರಿಸಿ, ಎಲ್ಲರ ಸಾಲಿನಲ್ಲಿ ತಪಾಸಣೆ ಮಾಡಿಸಿಕೊಂಡು ಹೋಗಿ. ಹತ್ತು ನಿಮಿಷ ಉಳಿಸಲು ಹೋಗಿ ಪಾಸ್ ಕಳೆದುಕೊಂಡರೆ ಕೆಲಸಕ್ಕೇ ಪೆಟ್ಟು.

ವಿದೇಶದಿಂದ ಬರುವವರು ನಡುವೆ ಇಳಿಯುವ ದೇಶದ ವೀಸಾ ನೋಡಿಕೊಳ್ಳಿ. ಮುಂದಿನ ವಿಮಾನ ಸಿಗದೆ ರಾತ್ರಿ ಅಲ್ಲೇ ಉಳಿಯಬೇಕಾದರೆ ಏರ್‌ಪೋರ್ಟ್ ಬಿಟ್ಟು ಹೊರಗೆ ಬರಲು ವೀಸಾ ಬೇಕಾಗಬಹುದು.

7. ಸಮಯದ ಲೆಕ್ಕ: ಇಲ್ಲಿ ಅವಸರ ಬೇಡ

ಊರಿನಿಂದ ಬೇಸ್‌ಗೆ ವಾಪಸ್ ಹೋಗುವಾಗ ಈ ಕ್ರಮ ಇಟ್ಟುಕೊಳ್ಳಿ. ರಿಪೋರ್ಟಿಂಗ್ ಸಮಯದಿಂದ, ಅಂದರೆ ಡ್ಯೂಟಿಗೆ ಹಾಜರಾಗಬೇಕಾದ ಹೊತ್ತಿನಿಂದ ಹಿಂದಕ್ಕೆ ಲೆಕ್ಕ ಹಾಕಿ. ಮೊದಲು ಬೇಸ್‌ನಲ್ಲಿ ಹಾಸಿಗೆ ಮೇಲೆ ಒಂದು ಪೂರ್ತಿ ನಿದ್ದೆ. ಅದಕ್ಕಿಂತ ಹಿಂದೆ ಖಚಿತವಾದ ಪ್ರಯಾಣ, ಅಂದರೆ ರೈಲು, ಬಸ್ಸು ಅಥವಾ ಕಾಸು ಕೊಟ್ಟ ಟಿಕೆಟ್. ಅದಕ್ಕಿಂತಲೂ ಹಿಂದೆ ಕನಿಷ್ಠ ಎರಡು ಸ್ಟ್ಯಾಂಡ್‌ಬೈ ಪ್ರಯತ್ನ. ದಿನದ ಕೊನೆಯ ವಿಮಾನವನ್ನು ಎಣಿಕೆಗೇ ತೆಗೆದುಕೊಳ್ಳಬೇಡಿ. ಮೊದಲಿನ ವಿಮಾನಗಳಲ್ಲಿ ಸೀಟು ಸಿಗದವರೆಲ್ಲ ಕೊನೆಗೆ ಅದಕ್ಕೇ ಬಂದು ಸೇರುತ್ತಾರೆ.

ನಮ್ಮ ಕಡೆಗೆ ಇದು ಹೇಗೆ ಹೊಂದುತ್ತದೆ ನೋಡಿ. ಬಳ್ಳಾರಿ, ಹೊಸಪೇಟೆಗೆ ಹತ್ತಿರ ತೋರಣಗಲ್ಲಿನ ವಿದ್ಯಾನಗರ ವಿಮಾನ ನಿಲ್ದಾಣ. ಸಣ್ಣ ಊರುಗಳಿಗೂ ವಿಮಾನ ತರುವ ಕೇಂದ್ರದ ಉಡಾನ್ ಯೋಜನೆಯಲ್ಲಿ ಸಣ್ಣ ವಿಮಾನಗಳು ಬಂದುಹೋಗುವ ಜಾಗ. ವಿಮಾನಗಳೇ ಕಡಿಮೆ, ವೇಳಾಪಟ್ಟಿ ಆಗಾಗ ಬದಲಾಗುತ್ತದೆ. ಒಂದು ತಪ್ಪಿದರೆ ಅದೇ ದಿನ ಇನ್ನೊಂದು ಸಿಗುತ್ತದೆ ಎಂದು ಹೇಳಲಾಗದು. ಇನ್ನೊಂದು ವಿಷಯ, ಪೈಲಟ್ ಆದ ನಿಮಗೆ ಬಿಡಿಸಿ ಹೇಳಬೇಕಿಲ್ಲ, ಮನೆಯವರಿಗಾಗಿ ಹೇಳುತ್ತೇನೆ. ಏಪ್ರಿಲ್, ಮೇ ತಿಂಗಳ ಬಳ್ಳಾರಿ ಬಿಸಿಲಿನಲ್ಲಿ ಗಾಳಿ ತೆಳುವಾಗುತ್ತದೆ. ರೆಕ್ಕೆಗೂ ಎಂಜಿನ್‌ಗೂ ಬಲ ತಗ್ಗುತ್ತದೆ. ಅಷ್ಟೇ ಉದ್ದದ ರನ್‌ವೇಯಲ್ಲಿ ವಿಮಾನ ಹೊತ್ತು ಏಳಬಹುದಾದ ತೂಕವೂ ಕಡಿಮೆಯಾಗುತ್ತದೆ. ಸೀಟು ಖಾಲಿ ಕಂಡರೂ ತೂಕದ ಲೆಕ್ಕದಲ್ಲಿ ಜಾಗ ಇರುವುದಿಲ್ಲ. ಆಗ ಮೊದಲು ಬಿಟ್ಟುಬಿಡುವುದು ಸ್ಟ್ಯಾಂಡ್‌ಬೈ ಸಿಬ್ಬಂದಿಯನ್ನು. ಬೇಸಿಗೆಯಲ್ಲಿ ಮಧ್ಯಾಹ್ನದ ಸಣ್ಣ ವಿಮಾನಕ್ಕೆ ಸ್ಟಾಫ್ ಟಿಕೆಟ್ ಹಿಡಿದು ಕೂರಬೇಡಿ.

ಬೆಂಗಳೂರು ಬೇಸ್ ಇದ್ದವರಿಗೆ ನನ್ನ ಸಲಹೆ ರೈಲು. ಹಂಪಿ ಎಕ್ಸ್‌ಪ್ರೆಸ್ ಕೊಪ್ಪಳ, ಹೊಸಪೇಟೆ, ಬಳ್ಳಾರಿ ಮೂರಕ್ಕೂ ಆಗುತ್ತದೆ. ರಾತ್ರಿ ಹತ್ತಿ ಬೆಳಿಗ್ಗೆ ಇಳಿಯಬಹುದು. ದೇವನಹಳ್ಳಿಗೆ ಹೋಗುವವರಿಗೆ ಯಲಹಂಕದಲ್ಲಿ ಇಳಿದರೆ ಮೆಜೆಸ್ಟಿಕ್‌ವರೆಗೆ ಹೋಗಿ ವಾಪಸ್ ಬರುವುದು ತಪ್ಪುತ್ತದೆ. ಆದರೆ ಅದೇ ಬೆಳಿಗ್ಗೆಯ ಡ್ಯೂಟಿಗೆ ಈ ರೈಲು ಹಿಡಿಯಬೇಡಿ. ಬರ್ತಿನ ಮೇಲಿನ ನಿದ್ದೆ ಹಾರಾಟಕ್ಕೆ ಸಾಲುವ ನಿದ್ದೆಯಲ್ಲ. ಒಂದು ದಿನ ಮೊದಲೇ ಹೋಗಿ. ರಸ್ತೆಯಲ್ಲಿ ಬಳ್ಳಾರಿಯಿಂದ ಚಳ್ಳಕೆರೆ, ಹಿರಿಯೂರು, ತುಮಕೂರು ಮೇಲೆ ಬೆಂಗಳೂರಿಗೆ 300 ಕಿಲೊಮೀಟರ್‌ಗೂ ಜಾಸ್ತಿ. ಸ್ವಂತ ಕಾರು ಓಡಿಸಿಕೊಂಡು ಹೋಗಿ ನೇರ ಡ್ಯೂಟಿಗೆ ನಿಲ್ಲುವುದು ಬೇಡವೇ ಬೇಡ.

ರಾಯಚೂರಿನವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ಮೆಹಬೂಬ್‌ನಗರದ ಮೇಲೆ ಹೈದರಾಬಾದ್ ವಿಮಾನ ನಿಲ್ದಾಣವಿರುವ ಶಂಶಾಬಾದ್‌ಗೆ ಸುಮಾರು 200 ಕಿಲೊಮೀಟರ್. ಅಲ್ಲಿಂದ ದೆಹಲಿ, ಮುಂಬೈಗೆ ದಿನವಿಡೀ ವಿಮಾನ ಇರುವುದರಿಂದ ಸ್ಟ್ಯಾಂಡ್‌ಬೈ ಆಟಕ್ಕೆ ಅದೇ ಒಳ್ಳೆಯ ಜಾಗ. ಕೊಪ್ಪಳದವರು ಹುಬ್ಬಳ್ಳಿಯನ್ನೂ ನೋಡಿಟ್ಟುಕೊಳ್ಳಿ.

ದೀಪಾವಳಿ, ಯುಗಾದಿ, ಬೇಸಿಗೆ ರಜೆಯಲ್ಲಿ ಸ್ಟಾಫ್ ಟಿಕೆಟ್ ಆಸೆ ಬಿಡಿ. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಬರಬೇಕು ಎನ್ನುವವರು ಆ ತಿಂಗಳಿನ ಮಂಜನ್ನೂ ಲೆಕ್ಕಕ್ಕೆ ಹಿಡಿಯಿರಿ. ದೆಹಲಿಯ ಮಂಜು ಎಲ್ಲರಿಗೂ ಗೊತ್ತು. ದೇವನಹಳ್ಳಿಯಲ್ಲೂ ಚಳಿಗಾಲದ ಬೆಳಗಿನ ಜಾವ ಮಂಜಿಗೆ ವಿಮಾನಗಳು ತಡವಾಗುತ್ತವೆ. ಬೆಳಿಗ್ಗೆ ತಡವಾದರೆ ತಪ್ಪಿಸಿಕೊಂಡ ಪ್ರಯಾಣಿಕರೆಲ್ಲ ಮುಂದಿನ ವಿಮಾನಕ್ಕೆ ಬರುತ್ತಾರೆ, ನಿಮ್ಮ ಖಾಲಿ ಸೀಟು ಅಲ್ಲಿಗೆ ಮುಗಿಯಿತು.

ಈಗ ಆ ಗಂಭೀರ ಮಾತು. 2009ರ ಫೆಬ್ರವರಿ 12ರಂದು ಅಮೆರಿಕದ ಬಫಲೊ ಹತ್ತಿರ ಕೋಲ್ಗನ್ ಏರ್ 3407 ವಿಮಾನ ಬಿದ್ದು 50 ಜನ ತೀರಿಕೊಂಡರು. ಅದರ ಫಸ್ಟ್ ಆಫೀಸರ್ ಹಿಂದಿನ ರಾತ್ರಿ ಸಿಯಾಟಲ್‌ನಿಂದ ಮೆಂಫಿಸ್ ಮೂಲಕ ನ್ಯೂಯಾರ್ಕ್ ಬಳಿಯ ನೆವಾರ್ಕ್‌ಗೆ ಸರಕು ವಿಮಾನದ ಜಂಪ್‌ಸೀಟ್‌ಗಳಲ್ಲಿ ಬಂದಿದ್ದರು. ಕ್ಯಾಪ್ಟನ್ ಕೂಡ ದೂರದ ಫ್ಲಾರಿಡಾದಿಂದ ಬಂದು ಹೋಗುವವರು. ಸಿಬ್ಬಂದಿ ಕೋಣೆಯಲ್ಲೇ ಅಷ್ಟಿಷ್ಟು ಮಲಗಿದ್ದರು. ಸ್ಟಾಲ್ ಎಚ್ಚರಿಕೆ ಬಂದಾಗ ಕ್ಯಾಪ್ಟನ್ ತಪ್ಪಾಗಿ ಪ್ರತಿಕ್ರಿಯಿಸಿದ್ದೇ ಕಾರಣ ಎಂದು ತನಿಖೆ ಹೇಳಿತು. ಸ್ಟಾಲ್ ಎಂದರೆ ವೇಗ ತೀರಾ ಕಡಿಮೆಯಾಗಿ ರೆಕ್ಕೆ ವಿಮಾನವನ್ನು ಹೊರಲಾರದ ಸ್ಥಿತಿ. ದಣಿವು ಇಬ್ಬರ ಕೆಲಸವನ್ನೂ ಕುಗ್ಗಿಸಿರಬಹುದು ಎಂದೂ ತನಿಖೆ ಹೇಳಿತು. ಅಮೆರಿಕದಲ್ಲಿ ಪೈಲಟ್‌ಗಳ ವಿಶ್ರಾಂತಿಯ ನಿಯಮ 2014ರಲ್ಲಿ ಬಿಗಿಯಾದದ್ದು ಇದರ ನಂತರವೇ. ಆ ಇಬ್ಬರೂ ಯಾವ ಜಂಪ್‌ಸೀಟ್ ನಿಯಮವನ್ನೂ ಮುರಿದಿರಲಿಲ್ಲ. ನಾನು ನಿದ್ದೆ ನಿದ್ದೆ ಎಂದು ಇಷ್ಟು ಒತ್ತಿ ಹೇಳುವುದು ಅದಕ್ಕೇ.

8. ಸೀಟು ಸಿಗದೇ ಹೋದರೆ

ಕಂಪನಿಯ ಕ್ರೂ ಶೆಡ್ಯೂಲಿಂಗ್‌ಗೆ, ಅಂದರೆ ಯಾರಿಗೆ ಯಾವಾಗ ಡ್ಯೂಟಿ ಎನ್ನುವ ಪಟ್ಟಿ ನೋಡುವವರಿಗೆ, ಬೇಗ ಫೋನ್ ಮಾಡಿ. ಇನ್ನೊಂದು ಪ್ರಯತ್ನ ಮಾಡಿ ನೋಡೋಣ ಎಂದು ಕೊನೆಯವರೆಗೆ ತಳ್ಳಬೇಡಿ. ಆರು ಗಂಟೆ ಮೊದಲು ಹೇಳಿದರೆ ಅವರಿಗೆ ಬೇರೆಯವರನ್ನು ಕರೆಯಲು ಆಗುತ್ತದೆ, ಒಂದು ಗಂಟೆ ಮೊದಲು ಹೇಳಿದರೆ ವಿಮಾನವೇ ತಡವಾಗುತ್ತದೆ. ಅಮೆರಿಕದ ಹಲವು ಕಂಪನಿಗಳಲ್ಲಿ ಕಮ್ಯೂಟರ್ ನಿಯಮ ಇದೆ. ಸೀಟು ಇರುವ ಎರಡು ವಿಮಾನಗಳಿಗೆ ಸರಿಯಾಗಿ ಪ್ರಯತ್ನಿಸಿ, ಸಮಯಕ್ಕೆ ತಿಳಿಸಿದರೆ ಶಿಸ್ತಿನ ಕ್ರಮ ಇಲ್ಲ. ಅದಕ್ಕೆ ಪಟ್ಟಿಯಲ್ಲಿ ಹೆಸರು ಇದ್ದ ಪುರಾವೆ ಬೇಕು, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ನಮ್ಮಲ್ಲಿ ಇಂಥ ರಿಯಾಯಿತಿ ಇದೆ ಎಂದು ಊಹಿಸಬೇಡಿ, ನಿಮ್ಮ ಕಂಪನಿಯ ಪುಸ್ತಕ ತೆಗೆದು ನೋಡಿ.

9. ಅಪ್ಪ ಅಮ್ಮನಿಗೆ

"ನಮ್ಮನ್ನೂ ಕಾಕ್‌ಪಿಟ್‌ನಲ್ಲಿ ಕೂರಿಸ್ತೀಯಾ?" ಎಂದು ಅಪ್ಪ ಅಮ್ಮ ಕೇಳಿದರೆ ಪ್ರೀತಿಯಿಂದ ಇಲ್ಲ ಎನ್ನಿ. ಜಂಪ್‌ಸೀಟ್ ಮನೆಯವರಿಗೆ ಇಲ್ಲ. 2003ರ ನವೆಂಬರ್ 1ರಿಂದ ಪ್ರಪಂಚದಾದ್ಯಂತ ದೊಡ್ಡ ಪ್ರಯಾಣಿಕ ವಿಮಾನಗಳ ಕಾಕ್‌ಪಿಟ್‌ಗೆ ಭದ್ರ ಬಾಗಿಲು ಕಡ್ಡಾಯವಾಗಿದೆ. ಹಾರಾಟದ ನಡುವೆ ಅದನ್ನು ನೆಂಟಸ್ತಿಕೆಗೆ ತೆಗೆಯುವುದಿಲ್ಲ.

ಅವರಿಗೆ ಸ್ಟಾಫ್ ಟಿಕೆಟ್ ಸಿಗಬಹುದು. ಆದರೆ ವಯಸ್ಸಾದವರನ್ನು ಒಬ್ಬರನ್ನೇ ಸ್ಟ್ಯಾಂಡ್‌ಬೈ ಮೇಲೆ ಕಳಿಸಬೇಡಿ. ಸೀಟು ಸಿಗದೆ ರಾತ್ರಿ ಗೇಟಿನ ಹತ್ತಿರ ಕೂರುವುದು ಅವರಿಂದ ಆಗದು. ಜೊತೆಗೆ ನೀವಿರಿ, ಇಲ್ಲವೇ ಖಚಿತ ಟಿಕೆಟ್ ಕೊಡಿಸಿ. ಗುಳಿಗೆ, ನೀರು, ರೊಟ್ಟಿ ಬುತ್ತಿ ಕೈಚೀಲದಲ್ಲಿರಲಿ. ಸಿಬ್ಬಂದಿ ಟಿಕೆಟ್‌ನಲ್ಲಿ ಬಂದವರ ನಡವಳಿಕೆಗೆ ಕಂಪನಿ ನಿಮ್ಮನ್ನೇ ಕೇಳುತ್ತದೆ ಎಂದೂ ಅವರಿಗೆ ತಿಳಿಸಿ. ಸೀಟು ಬದಲಿಸಿಕೊಡಿ ಎಂದು ಜಗಳ ಬೇಡ. "ನನ್ನ ಮಗಳು ಇಲ್ಲೇ ಪೈಲಟ್" ಎಂದು ಜೋರಾಗಿ ಹೇಳುವುದೂ ಬೇಡ, ಎಷ್ಟೇ ಹೆಮ್ಮೆ ಇದ್ದರೂ.

ಗೃಹಪ್ರವೇಶ, ಮದುವೆ, ಸೀಮಂತದ ದಿನಕ್ಕೆ ಸ್ಟ್ಯಾಂಡ್‌ಬೈ ನಂಬಿ "ಬಂದೇ ಬರ್ತೀನಿ" ಎಂದು ಮಾತು ಕೊಡಬೇಡಿ. ಅಂಥ ದಿನಕ್ಕೆ ರಜೆ ಮಂಜೂರಾದ ದಿನವೇ ಖಚಿತ ಟಿಕೆಟ್ ತೆಗೆದುಬಿಡಿ.

10. ಇಳಿದ ಮೇಲೆ

ಇಳಿಯುವಾಗ ಕ್ಯಾಪ್ಟನ್‌ಗೆ, ಫಸ್ಟ್ ಆಫೀಸರ್‌ಗೆ, ಕ್ಯಾಬಿನ್ ಕ್ರೂಗೆ ಧನ್ಯವಾದ ಹೇಳಿ. ಪ್ರಯಾಣಿಕರು ಇಳಿಯುವ ದಾರಿಗೆ ಅಡ್ಡ ಬರದ ಹಾಗೆ ಬ್ಯಾಗು ತೆಗೆದುಕೊಳ್ಳಿ. ಬಳಸದೆ ಉಳಿದ ಸ್ಟಾಫ್ ಟಿಕೆಟ್‌ಗೆ ಹಣ ವಾಪಸ್ ಸಿಗುತ್ತದೆ, ಗಡುವಿನೊಳಗೆ ಅರ್ಜಿ ಹಾಕಿ.

ಮನಸ್ಸು ಬದಲಿಸಿ ರೈಲಿನಲ್ಲೇ ಹೋಗುತ್ತೇನೆ ಎಂದಾದರೆ, ಬಳ್ಳಾರಿ ಸ್ಟೇಷನ್‌ನಲ್ಲಿ ರೈಲು ಹತ್ತುವ ಮೊದಲೇ ವಿಮಾನದ ಪಟ್ಟಿಯಿಂದ ಹೆಸರು ತೆಗೆಸಿ. ನೀವು ಬರುತ್ತೀರೋ ಇಲ್ಲವೋ ಗೊತ್ತಾಗದೆ ಪಟ್ಟಿಯಲ್ಲಿ ನಿಮ್ಮ ಕೆಳಗಿರುವವರು, ಅವರೂ ಎಲ್ಲೋ ಮನೆಗೆ ಹೊರಟವರೇ, ಗೇಟಿನ ಹತ್ತಿರ ಕೊನೆಯ ನಿಮಿಷದವರೆಗೂ ಕಾಯುತ್ತಿರುತ್ತಾರೆ.